ಹಾರ್ಮೋನು ತೆಗೆದು ಹಾರ್ಮೋನು ಹಾಕಿದ ಪ್ರಯೋಗ: ಮೂತ್ರಕೋಶದ ಕ್ಯಾನ್ಸರ್ ಜೀವಕೋಶಗಳ ಜೊತೆ ಕಳೆದ ಕಾಲ

ಮೂತ್ರಕೋಶದ ಕ್ಯಾನ್ಸರ್ ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು. 2020ರ ಜಾಗತಿಕ ಅಂದಾಜಿನಲ್ಲಿ, ವಯೋಮಾನದ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೆ, ವರ್ಷಕ್ಕೆ ಒಂದು ಲಕ್ಷ ಪುರುಷರಲ್ಲಿ 9.5 ಮಂದಿಗೆ, ಒಂದು ಲಕ್ಷ ಮಹಿಳೆಯರಲ್ಲಿ 2.4 ಮಂದಿಗೆ ಈ ರೋಗ ಬರುತ್ತದೆಂದು ಲೆಕ್ಕ ಹಾಕಲಾಗಿತ್ತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸಿಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿಯ ವರದಿಗಳಲ್ಲಿಯೂ ಪುರುಷರ ಪಾಲೇ ದೊಡ್ಡದು. ನಾನು ಪಿಎಚ್.ಡಿ.ಗೆ ಸೇರಿದ ಹೊಸದರಲ್ಲಿ ನನ್ನ ಮಾರ್ಗದರ್ಶಕರು ಈ ಅಂಕಿಗಳನ್ನು ಮುಂದಿಟ್ಟು, "ಬೀಡಿ, ಸಿಗರೇಟಿನ ಲೆಕ್ಕ ಕಳೆದ ಮೇಲೂ ಸ್ವಲ್ಪ ವ್ಯತ್ಯಾಸ ಉಳಿಯುತ್ತೆ. ಅದು ಎಲ್ಲಿಂದ ಬರುತ್ತೆ ಅಂತ ಯೋಚನೆ ಮಾಡಮ್ಮ" ಎಂದರು. ವಿಜಯನಗರದಿಂದ ಮೆಜೆಸ್ಟಿಕ್‌ಗೆ, ಅಲ್ಲಿ ಮೆಟ್ರೊ ಬದಲಿಸಿ ಯಶವಂತಪುರಕ್ಕೆ ಓಡಾಡುತ್ತ ನಾನು ಓದಿದ ಪ್ರಬಂಧಗಳೆಲ್ಲ ಆ ಒಂದು ಮಾತಿನ ಸುತ್ತಲೇ ಇದ್ದವು.

ತಂಬಾಕಿನ ಲೆಕ್ಕ ಸಣ್ಣದೇನೂ ಅಲ್ಲ. ಮೂತ್ರಕೋಶದ ಕ್ಯಾನ್ಸರಿನ ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಧೂಮಪಾನವೇ ಕಾರಣವೆಂದು ಪರಿಗಣಿಸಲಾಗಿದೆ. ಹೊಗೆಯಲ್ಲಿರುವ ಆರೊಮ್ಯಾಟಿಕ್ ಅಮೈನುಗಳು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ರೂಪಾಂತರಗೊಂಡು, ಮೂತ್ರದೊಡನೆ ಬಂದು ಮೂತ್ರಕೋಶದ ಒಳಪದರದ ಮೇಲೆ ಗಂಟೆಗಟ್ಟಲೆ ನಿಲ್ಲುತ್ತವೆ. ಇದೇ ಗುಂಪಿನ ರಾಸಾಯನಿಕಗಳ ನಡುವೆ ದುಡಿಯುತ್ತಿದ್ದ ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗಡ್ಡೆಗಳು ಹೆಚ್ಚಾಗಿ ಕಾಣಿಸುತ್ತಿರುವುದನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ 1895ರಲ್ಲಿಯೇ ಗುರುತಿಸಿದ್ದರು. ಧೂಮಪಾನವನ್ನೂ ಇಂಥ ಕೆಲಸಗಳನ್ನೂ ಗಂಡಸರೇ ಹೆಚ್ಚಾಗಿ ಮಾಡುತ್ತಿದ್ದುದರಿಂದ ವ್ಯತ್ಯಾಸದ ದೊಡ್ಡ ಭಾಗ ಅಲ್ಲಿಗೇ ವಿವರಣೆಯಾಗುತ್ತದೆ. ಆದರೆ ಪೂರ್ತಿ ಆಗುವುದಿಲ್ಲ. ಧೂಮಪಾನವನ್ನೇ ಮಾಡದ ಗಂಡಸರನ್ನೂ ಹೆಂಗಸರನ್ನೂ ಹೋಲಿಸಿ ನೋಡಿದಾಗಲೂ ಗಂಡಸರಲ್ಲಿ ರೋಗ ಹೆಚ್ಚು; ಇಲಿಗಳಿಗೆ ಒಂದೇ ಪ್ರಮಾಣದ ವಿಷವನ್ನು ಕುಡಿಸಿದಾಗಲೂ ಗಂಡು ಇಲಿಗಳೇ ಹೆಚ್ಚು ರೋಗಕ್ಕೆ ತುತ್ತಾಗುತ್ತವೆ. ಇಲಿಗಳು ಸಿಗರೇಟು ಸೇದುವುದಿಲ್ಲವಾದ್ದರಿಂದ ಈ ಎರಡನೆಯ ಸಂಗತಿ ನನಗೆ ಮೊದಲನೆಯದಕ್ಕಿಂತ ಗಟ್ಟಿಯಾಗಿ ತೋರಿತು.

ನನ್ನ ಕೆಲಸಕ್ಕೆ ತಳಹದಿಯಾದದ್ದು 2007ರಲ್ಲಿ ಪ್ರಕಟವಾದ, ಮಿಯಾಮೊಟೊ ಮತ್ತು ಸಂಗಡಿಗರ ಇಲಿ ಪ್ರಯೋಗ. ಬಿಬಿಎನ್ ಎಂಬ, ಮೂತ್ರಕೋಶದ ಕ್ಯಾನ್ಸರನ್ನೇ ಉಂಟುಮಾಡುವ ನೈಟ್ರೊಸಮೈನನ್ನು ಅವರು ಇಲಿಗಳಿಗೆ ಕೊಟ್ಟರು. ಸಾಮಾನ್ಯ ಗಂಡು ಇಲಿಗಳಲ್ಲಿ ಶೇಕಡ 92ರಷ್ಟಕ್ಕೂ ಹೆಣ್ಣು ಇಲಿಗಳಲ್ಲಿ ಶೇಕಡ 42ರಷ್ಟಕ್ಕೂ ಕ್ಯಾನ್ಸರ್ ಬಂದಿತು. ಆಂಡ್ರೊಜೆನ್ ಗ್ರಾಹಕದ, ಅಂದರೆ ಪುರುಷ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿನ, ಜೀನನ್ನು ತೆಗೆದುಹಾಕಿದ್ದ ಇಲಿಗಳಲ್ಲಿ, ಗಂಡಾಗಲಿ ಹೆಣ್ಣಾಗಲಿ, ಒಂದಕ್ಕೂ ಬರಲಿಲ್ಲ. ವೃಷಣಗಳನ್ನು ತೆಗೆದ ಸಾಮಾನ್ಯ ಗಂಡು ಇಲಿಗಳಲ್ಲಿ ರೋಗದ ಪ್ರಮಾಣ ಇಳಿಯಿತಾದರೂ ಪೂರ್ತಿ ನಿಲ್ಲಲಿಲ್ಲ. ಈ ಕೊನೆಯ ಫಲಿತಾಂಶದ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಹಾರ್ಮೋನನ್ನು ಕಡಿಮೆ ಮಾಡುವುದೂ ಗ್ರಾಹಕವನ್ನೇ ತೆಗೆಯುವುದೂ ಒಂದೇ ಅಲ್ಲ ಎಂಬುದು ನನಗೆ ಪ್ರಯೋಗಶಾಲೆಯಲ್ಲಿ ಅರ್ಥವಾಗುವುದಕ್ಕೆ ಆಮೇಲೆ ಬಹಳ ಸಮಯ ಹಿಡಿಯಿತು.

ಆಂಡ್ರೊಜೆನ್ ಎಂದರೆ ಪುರುಷ ಹಾರ್ಮೋನುಗಳ ಗುಂಪು. ಟೆಸ್ಟೊಸ್ಟಿರೋನ್ ಅವುಗಳಲ್ಲಿ ಮುಖ್ಯವಾದದ್ದು. 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಇನ್ನೂ ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟಿರೋನ್ ಆಗಿ ಬದಲಿಸುತ್ತದೆ. ಇದನ್ನು ನಾವು ಡಿಎಚ್‌ಟಿ ಎಂದು ಕರೆಯುತ್ತೇವೆ. ಜೀವಕೋಶದೊಳಗೆ ಕಾದು ಕುಳಿತಿರುವ ಗ್ರಾಹಕ ಪ್ರೋಟೀನಿಗೆ ಹಾರ್ಮೋನು ಕೂಡಿಕೊಂಡಾಗ ಆ ಜೋಡಿ ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎಯ ಗೊತ್ತಾದ ಜಾಗಗಳಿಗೆ ಅಂಟಿಕೊಂಡು, ಕೆಲವು ಜೀನುಗಳನ್ನು ಚುರುಕುಗೊಳಿಸಿ ಕೆಲವನ್ನು ಅಡಗಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇದು ಹಳೆಯ ಕಥೆ. ವೃಷಣಗಳನ್ನು ತೆಗೆದರೆ ಆ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ಅದಕ್ಕಾಗಿ ನೊಬೆಲ್ ಪಡೆದರು. ಪ್ರಾಸ್ಟೇಟಿನ ನೆತ್ತಿಯ ಮೇಲೇ ಕುಳಿತಿರುವ ಮೂತ್ರಕೋಶದ ಕ್ಯಾನ್ಸರನ್ನು ಹಾರ್ಮೋನಿನ ಕಣ್ಣಿನಿಂದ ನೋಡುವುದಕ್ಕೆ ಮಾತ್ರ ವೈದ್ಯಲೋಕ ಇನ್ನೂ ಹಲವು ದಶಕ ತೆಗೆದುಕೊಂಡಿತು.

ನನಗೆ ಒಪ್ಪಿಸಿದ ಕೆಲಸ ಕೇಳುವುದಕ್ಕೆ ಸರಳವಾಗಿತ್ತು: ಮೂತ್ರಕೋಶದ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸುವುದು, ಒಂದು ಗುಂಪಿಗೆ ಡಿಎಚ್‌ಟಿ ಹಾಕುವುದು, ಇನ್ನೊಂದಕ್ಕೆ ಹಾಕದಿರುವುದು, ಬೆಳವಣಿಗೆಯನ್ನು ಅಳೆಯುವುದು.

ಮೊದಲು ಜೀವಕೋಶಗಳ ಆಯ್ಕೆ. ನಮ್ಮ ದೇಶದ ಪ್ರಯೋಗಶಾಲೆಗಳಿಗೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರವೇ ದೊಡ್ಡ ಆಸರೆ. ಅಲ್ಲಿ ಸಿಗದದ್ದನ್ನು ಬೇರೆ ಪ್ರಯೋಗಶಾಲೆಗಳಿಂದ ಪತ್ರ ಬರೆದು ತರಿಸಿಕೊಂಡೆವು. ನಾನು ಮುಖ್ಯವಾಗಿ ಬಳಸಿದ್ದು ಮೂರು ಬಗೆ. ಯುಎಂ-ಯುಸಿ-3 ಒಬ್ಬ ಗಂಡಸಿನ ಗಡ್ಡೆಯಿಂದ ಬಂದದ್ದು, ಅದರಲ್ಲಿ ಆಂಡ್ರೊಜೆನ್ ಗ್ರಾಹಕ ಚೆನ್ನಾಗಿ ಕಾಣುತ್ತದೆ. 5637 ಎಂಬುದೂ ಗಂಡಸಿನದೇ, ಆದರೆ ಈ ಕ್ಷೇತ್ರದಲ್ಲಿ ಅದನ್ನು ಗ್ರಾಹಕವಿಲ್ಲದ ಜೀವಕೋಶವೆಂದೇ ಬಳಸುತ್ತಾರೆ. ಟಿ24 ಒಬ್ಬ ವಯೋವೃದ್ಧ ಮಹಿಳೆಯದು. ಈ ಟಿ24ಕ್ಕೆ ತನ್ನದೇ ಇತಿಹಾಸವಿದೆ. ಒಂದೇ ಒಂದು ಅಕ್ಷರದ ಬದಲಾವಣೆಯಿಂದ ಸಾಮಾನ್ಯ ಮಾನವ ಜೀನೊಂದು ಕ್ಯಾನ್ಸರ್ ಜೀನಾಗುತ್ತದೆಂದು 1982ರಲ್ಲಿ ಮೊದಲು ಗೊತ್ತಾದದ್ದು ಇದೇ ಜೀವಕೋಶಗಳ ಎಚ್-ರಾಸ್ ಜೀನಿನಿಂದ. ರಕ್ತನಾಳದ ಒಳಪದರದ ಜೀವಕೋಶವೆಂದು ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳು ನಂಬಿ ಬಳಸುತ್ತಿದ್ದ ಇಸಿವಿ304 ಎಂಬುದು ಡಿಎನ್‌ಎ ಪರೀಕ್ಷೆ ಮಾಡಿದಾಗ ಟಿ24 ಎಂದು ತಿಳಿದುಬಂದ ಪ್ರಸಂಗವೂ ಪ್ರಸಿದ್ಧವೇ. ಆದ್ದರಿಂದ ಯಾವ ಜೀವಕೋಶ ಬಂದರೂ ಮೊದಲು ಅದರ ಡಿಎನ್‌ಎ ಗುರುತನ್ನು ಪರೀಕ್ಷಿಸಿ, ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆಯೇ ಇನ್ಕ್ಯುಬೇಟರಿನೊಳಗೆ ಬಿಟ್ಟುಕೊಳ್ಳುವುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ.

ನಿಜವಾದ ಕೆಲಸ ಶುರುವಾದದ್ದು ಆಮೇಲೆ, ಅದೂ ಹಾರ್ಮೋನು ಹಾಕುವುದರಿಂದಲ್ಲ, ತೆಗೆಯುವುದರಿಂದ. ಜೀವಕೋಶಗಳು ಬೆಳೆಯುವ ಕೆಂಪು ದ್ರವಕ್ಕೆ ಶೇಕಡ ಹತ್ತರಷ್ಟು ಸೀರಂ ಸೇರಿಸುತ್ತೇವೆ. ಅದು ಹುಟ್ಟುವ ಮೊದಲಿನ ಕರುವಿನ ರಕ್ತದಿಂದ ತೆಗೆದದ್ದು (ಮನೆಯಲ್ಲಿ ಅಮ್ಮನಿಗೆ ನನ್ನ ಕೆಲಸದ ಎಲ್ಲ ವಿವರ ಹೇಳಿದ್ದರೂ ಇದೊಂದನ್ನು ಹೇಳಿಲ್ಲ). ಆ ಸೀರಮ್ಮಿನಲ್ಲಿ ಬೆಳವಣಿಗೆಗೆ ಬೇಕಾದ ಪ್ರೋಟೀನುಗಳ ಜೊತೆಗೆ ಸ್ಟೀರಾಯ್ಡ್ ಹಾರ್ಮೋನುಗಳೂ ಇರುತ್ತವೆ. ಈಗಾಗಲೇ ಉಪ್ಪು ಬಿದ್ದಿರುವ ಸಾರಿಗೆ ಇನ್ನೊಂದು ಚಿಟಿಕೆ ಹಾಕಿ, ಉಪ್ಪು ಹಾಕಿದರೆ ರುಚಿ ಹೇಗೆ ಬದಲಾಗುತ್ತದೆಂದು ಹೇಳಲಾಗುವುದಿಲ್ಲ. ಹಾಗಾಗಿ ಸೀರಮ್ಮನ್ನು ಡೆಕ್ಸ್ಟ್ರಾನ್ ಲೇಪಿಸಿದ ಇದ್ದಿಲಿನ ಪುಡಿಯೊಡನೆ ಕಲಕಬೇಕು. ಕೊಬ್ಬಿನಲ್ಲಿ ಕರಗುವ ಸ್ಟೀರಾಯ್ಡುಗಳು ಇದ್ದಿಲಿಗೆ ಅಂಟಿಕೊಳ್ಳುತ್ತವೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಇದ್ದಿಲನ್ನು ಕೆಳಗಿಳಿಸಿ, ಮೇಲಿನ ದ್ರವವನ್ನು ಅತಿ ಸಣ್ಣ ರಂಧ್ರಗಳ ಸೋಸುಗದಿಂದ ಸೋಸಿ ತೆಗೆಯಬೇಕು. ಹೀಗೆ ಮಾಡಿಯೇ ಮಾರುವ ಸೀರಂ ಸಿಗುತ್ತದೆ, ಆದರೆ ಅದರ ಬೆಲೆಗೆ ನಮ್ಮ ಅನುದಾನ ಒಗ್ಗುತ್ತಿರಲಿಲ್ಲವಾದ್ದರಿಂದ ಬಹುಪಾಲು ನಾವೇ ಮಾಡಿಕೊಂಡೆವು. ಸೂಕ್ಷ್ಮವಾದ ಕರಿಪುಡಿ ಸೋಸುಗವನ್ನು ಬೇಗನೆ ಕಟ್ಟಿಸುತ್ತದೆ. ಒಂದು ಬಾಟಲಿ ಸೀರಮ್ಮಿಗೆ ಹಲವು ಸೋಸುಗಗಳು ಖರ್ಚಾಗುತ್ತಿದ್ದವು, ಬಿಳಿ ಕೋಟಿನ ತೋಳಂತೂ ಮತ್ತೆ ಬಿಳಿಯಾಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆ ದ್ರವಕ್ಕೆ ಕೆಂಪು ಬಣ್ಣ ಕೊಡುವುದು ಫೀನಾಲ್ ರೆಡ್ ಎಂಬ ಸೂಚಕ. ಆಮ್ಲೀಯವಾದರೆ ಹಳದಿಗೆ ತಿರುಗಿ ನಮ್ಮನ್ನು ಎಚ್ಚರಿಸುವುದು ಅದರ ಕೆಲಸ. ಈ ನಿರುಪದ್ರವಿ ಬಣ್ಣಕ್ಕೆ ದುರ್ಬಲವಾದ ಈಸ್ಟ್ರೊಜೆನ್ ಗುಣವಿದೆಯೆಂದು ಸ್ತನ ಕ್ಯಾನ್ಸರ್ ಜೀವಕೋಶಗಳ ಮೇಲೆ ನಡೆಸಿದ ಪ್ರಯೋಗಗಳಿಂದ 1986ರಲ್ಲಿ ಬೆಳಕಿಗೆ ಬಂತು. ಅಲ್ಲಿಯವರೆಗೆ ಪ್ರಪಂಚದಾದ್ಯಂತ ಎಷ್ಟು ಮಂದಿ ಈಸ್ಟ್ರೊಜೆನ್ ಇಲ್ಲವೆಂದುಕೊಂಡು ಈಸ್ಟ್ರೊಜೆನ್ ಇರುವ ದ್ರವದಲ್ಲಿ ಪ್ರಯೋಗ ಮಾಡಿದ್ದರೋ. ನಾವು ಬಣ್ಣವಿಲ್ಲದ ಮೀಡಿಯಮ್ಮನ್ನೇ ಬಳಸಿದೆವು. ಕೆಂಪನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ನೀರಿನಂತಿರುವ ಆ ದ್ರವದಲ್ಲಿ ಜೀವಕೋಶಗಳು ಸುಖವಾಗಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಸೂಕ್ಷ್ಮದರ್ಶಕದ ಕೆಳಗಿಟ್ಟೇ ನೋಡಬೇಕಾಗುತ್ತಿತ್ತು. ಇದ್ದಿಲು ಆಯ್ದು ತೆಗೆಯುವುದು ಪುರುಷ ಹಾರ್ಮೋನನ್ನಷ್ಟೇ ಅಲ್ಲ ಎಂಬ ತೊಡಕೂ ಇದೆ. ಕಾರ್ಟಿಸಾಲ್, ಥೈರಾಯ್ಡ್ ಹಾರ್ಮೋನು, ವಿಟಮಿನ್ ಎ ಸಂಬಂಧಿ ವಸ್ತುಗಳು ಎಲ್ಲವೂ ಕಡಿಮೆಯಾಗುತ್ತವೆ. ಆದ್ದರಿಂದ ಹೀಗೆ ಸೋಸಿದ ಸೀರಮ್ಮಿನಲ್ಲಿ ಜೀವಕೋಶಗಳು ನಿಧಾನವಾಗಿ ಬೆಳೆದರೆ ಅದು ಆಂಡ್ರೊಜೆನ್ ಇಲ್ಲದ್ದರಿಂದಲೇ ಎಂದು ಹೇಳುವಂತಿಲ್ಲ. ಮತ್ತೆ ಡಿಎಚ್‌ಟಿಯೊಂದನ್ನೇ ಹಾಕಿ ಬೆಳವಣಿಗೆ ಮರಳಿ ಬಂದರೆ ಮಾತ್ರ ಹಾಗೆನ್ನಬಹುದು.

ಡಿಎಚ್‌ಟಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅದನ್ನು ಎಥನಾಲಿನಲ್ಲಿ ಕರಗಿಸಿ ಸಾವಿರ ಪಟ್ಟು ತೆಳು ಮಾಡಿ ಹಾಕಬೇಕು. ಹಾಗಾಗಿ ಹಾರ್ಮೋನು ಇಲ್ಲದ ಗುಂಪಿಗೂ ಅಷ್ಟೇ ಎಥನಾಲ್ ಬೀಳಬೇಕು. ಪ್ರಮಾಣವನ್ನು ಒಂದರಿಂದ ಹತ್ತು ನ್ಯಾನೊಮೋಲಾರಿನ ಆಸುಪಾಸಿನಲ್ಲಿ ಇಟ್ಟುಕೊಂಡೆವು. ವಯಸ್ಕ ಗಂಡಸಿನ ರಕ್ತದಲ್ಲಿ ಒಟ್ಟು ಟೆಸ್ಟೊಸ್ಟಿರೋನ್ ಸ್ಥೂಲವಾಗಿ ಹತ್ತರಿಂದ ಮೂವತ್ತು ನ್ಯಾನೊಮೋಲಾರ್ ಇರುತ್ತದಾದರೂ ಅದರಲ್ಲಿ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿದ್ದು, ಬಿಡಿಯಾಗಿ ಓಡಾಡುವುದು ಶೇಕಡ ಎರಡರಷ್ಟು ಮಾತ್ರ. ಗ್ರಾಹಕವನ್ನು ತಡೆಯಲು ಹೈಡ್ರಾಕ್ಸಿಫ್ಲುಟಮೈಡ್ ಎಂಬ ವಸ್ತುವನ್ನು ಇನ್ನೊಂದು ಗುಂಪಿಗೆ ಹಾಕಿದೆವು. ಡಿಎಚ್‌ಟಿಯ ಜೊತೆಗೆ ಇದನ್ನೂ ಹಾಕಿದಾಗ ಪರಿಣಾಮ ಅಳಿದರೆ, ಅದು ಗ್ರಾಹಕದ ಮೂಲಕವೇ ಬಂದ ಪರಿಣಾಮವೆಂದು ನಂಬಬಹುದು.

ಇಲ್ಲೊಂದು ಉಪಕಥೆ. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಗ್ರಾಹಕ ಇದೆಯೋ ಇಲ್ಲವೋ ಎಂದು ತೋರಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ, ಖಂಡಿತ ಇರುವ ಉದಾಹರಣೆಯಾಗಿ ಎಲ್ಎನ್‌ಕ್ಯಾಪ್ ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳನ್ನು ಇಟ್ಟುಕೊಂಡಿದ್ದೆವು. 110 ಕಿಲೊಡಾಲ್ಟನ್ ಗುರುತಿನ ಬಳಿ ಅವುಗಳ ಪಟ್ಟಿ ಗಾಢವಾಗಿ ಬರುತ್ತದೆ. ಬೆಳವಣಿಗೆಯ ಪರೀಕ್ಷೆಗೂ ಇವನ್ನೇ ಹೋಲಿಕೆಗೆ ಬಳಸೋಣವೇ ಎಂದು ಕೇಳಿದಾಗ ನನ್ನ ಮಾರ್ಗದರ್ಶಕರಾದ ಮೇಡಂ ನಕ್ಕರು. ಎಲ್ಎನ್‌ಕ್ಯಾಪ್‌ನ ಗ್ರಾಹಕದಲ್ಲಿ ಒಂದು ರೂಪಾಂತರವಿದ್ದು, ತಡೆಯಬೇಕಾದ ಹೈಡ್ರಾಕ್ಸಿಫ್ಲುಟಮೈಡೇ ಅದನ್ನು ಚುರುಕುಗೊಳಿಸುತ್ತದೆ. ಪ್ರಾಸ್ಟೇಟ್ ರೋಗಿಗಳಲ್ಲಿ ಕೆಲವೊಮ್ಮೆ ಈ ಬಗೆಯ ಔಷಧಿಯನ್ನು ನಿಲ್ಲಿಸಿದಾಗಲೇ ರೋಗ ಇಳಿಯುವುದನ್ನು ವೈದ್ಯರು ಕಂಡಿದ್ದಕ್ಕೆ ಇಂಥ ರೂಪಾಂತರಗಳೂ ಒಂದು ಕಾರಣ. ಗ್ರಾಹಕವನ್ನು ಕುರಿತು ಯಾವ ಮಾತನ್ನಾದರೂ ಹೇಳುವ ಮೊದಲು ಅದು ಯಾವ ಜೀವಕೋಶದ್ದೆಂದು ಕೇಳುವ ಅಭ್ಯಾಸ ನನಗೆ ಅಂದಿನಿಂದ ಬಂತು.

ಪ್ರಯೋಗದ ದಿನಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತೊಂಬತ್ತಾರು ಗುಳಿಗಳ ತಟ್ಟೆಯಲ್ಲಿ ಜೀವಕೋಶಗಳನ್ನು ಬಿತ್ತಿ, ಅಂಟಿಕೊಳ್ಳಲು ಒಂದು ರಾತ್ರಿ ಬಿಟ್ಟು, ಹಾರ್ಮೋನಿಲ್ಲದ ದ್ರವದಲ್ಲಿ ಹಸಿವಿಗೆ ಕೆಡವಿ, ಆಮೇಲೆ ಹಾರ್ಮೋನು ಹಾಕಿ, ಗೊತ್ತಾದ ಹೊತ್ತಿಗೆ ಎಂಟಿಟಿ ಎಂಬ ಹಳದಿ ವಸ್ತುವನ್ನು ಸೇರಿಸುವುದು. ಬದುಕಿರುವ ಜೀವಕೋಶಗಳು ಅದನ್ನು ನೇರಳೆ ಹರಳಾಗಿಸುತ್ತವೆ, ಹರಳನ್ನು ಕರಗಿಸಿ ಬಣ್ಣದ ಗಾಢತೆಯನ್ನು ಯಂತ್ರದಲ್ಲಿ ಓದುವುದು. ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಭಯ, ಸಂಜೆಯ ಗುಡುಗುಮಳೆಗೆ ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವವರೆಗಿನ ಆ ಕೆಲವು ಕ್ಷಣಗಳ ತಳಮಳ, ಇವು ಬೆಂಗಳೂರಿನ ಯಾವ ಪ್ರಯೋಗಶಾಲೆಯವರಿಗೂ ಹೊಸತಲ್ಲ.

ಫಲಿತಾಂಶ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಷ್ಟು ನಾಟಕೀಯವಾಗಿರಲಿಲ್ಲ. ಯುಎಂ-ಯುಸಿ-3ರಲ್ಲಿ ಡಿಎಚ್‌ಟಿ ಹಾಕಿದ ಗುಳಿಗಳ ನೇರಳೆ ಬಣ್ಣ ಹಾಕದವುಗಳಿಗಿಂತ ಸ್ವಲ್ಪವೇ ಗಾಢವಾಗಿತ್ತು. ಆದರೆ ಆ ಸ್ವಲ್ಪ ಪ್ರತಿ ಸಲವೂ ಬರುತ್ತಿತ್ತು, ಹೈಡ್ರಾಕ್ಸಿಫ್ಲುಟಮೈಡ್ ಜೊತೆಗಿದ್ದಾಗ ಪ್ರತಿ ಸಲವೂ ಮಾಯವಾಗುತ್ತಿತ್ತು. 5637ರಲ್ಲಿ ಹಾರ್ಮೋನು ಹಾಕಿದರೂ ಬಿಟ್ಟರೂ ಒಂದೇ. ಟಿ24ರಲ್ಲಿ ಗ್ರಾಹಕದ ಪಟ್ಟಿ ಮಸುಕಾಗಿ ಕಾಣುತ್ತಿತ್ತು, ಬೆಳವಣಿಗೆಯ ವ್ಯತ್ಯಾಸವೂ ಹಾಗೆಯೇ ಅನುಮಾನಕ್ಕೆ ಎಡೆಮಾಡುವಂತಿತ್ತು. ಅದನ್ನು ನಮ್ಮ ವಾದದಿಂದ ಹೊರಗಿಟ್ಟೆವು. ಎಣಿಕೆಗಿಂತ ಚಲನೆಯಲ್ಲಿ ವ್ಯತ್ಯಾಸ ಎದ್ದು ಕಂಡಿತು. ತಟ್ಟೆಯ ತುಂಬ ಬೆಳೆದ ಜೀವಕೋಶಗಳ ಹಾಸಿನ ಮೇಲೆ ಪಿಪೆಟ್ಟಿನ ತುದಿಯಿಂದ ಗೀರು ಎಳೆದು, ಆ ಖಾಲಿ ಜಾಗ ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆಂದು ನೋಡುವ ಪರೀಕ್ಷೆಯಲ್ಲಿ, ಡಿಎಚ್‌ಟಿ ಪಡೆದ ಯುಎಂ-ಯುಸಿ-3 ಜೀವಕೋಶಗಳು ಸ್ಪಷ್ಟವಾಗಿಯೇ ಮುಂದಿದ್ದವು.

ಅದಕ್ಕಿಂತ ಕುತೂಹಲದ ಸಂಗತಿ ಮುಂದಿನ ಹಂತದಲ್ಲಿ ಎದುರಾಯಿತು. ಗ್ರಾಹಕದ ಪ್ರೋಟೀನೇ ತಯಾರಾಗದಂತೆ ಅದರ ಸಂದೇಶ ಆರ್‌ಎನ್‌ಎಯನ್ನು ಒಡೆಯುವ ತಂತ್ರವನ್ನು ಬಳಸಿದಾಗ, ಹಾರ್ಮೋನೇ ಇಲ್ಲದ ದ್ರವದಲ್ಲಿಯೂ ಯುಎಂ-ಯುಸಿ-3ರ ಬೆಳವಣಿಗೆ ಕುಗ್ಗಿತು. ಅಂದರೆ ಹಾರ್ಮೋನಿನ ಸಹಾಯವಿಲ್ಲದೆಯೂ ಗ್ರಾಹಕ ಏನೋ ಕೆಲಸ ಮಾಡುತ್ತಿತ್ತು. ಬೇರೆ ಪ್ರಯೋಗಶಾಲೆಗಳೂ ಇದನ್ನೇ ಕಂಡಿದ್ದವು. ಇಜಿಎಫ್‌ನಂಥ ಬೆಳವಣಿಗೆಯ ಪ್ರೋಟೀನುಗಳು ಹಾರ್ಮೋನಿಲ್ಲದೆಯೇ ಈ ಗ್ರಾಹಕವನ್ನು ಎಬ್ಬಿಸಬಲ್ಲವು; ಗ್ರಾಹಕವು ಪ್ರತಿಯಾಗಿ ಇಜಿಎಫ್‌ನ ಗ್ರಾಹಕವನ್ನೂ ಅದರ ಸಂಬಂಧಿಯಾದ ಇಆರ್‌ಬಿಬಿ2ವನ್ನೂ ಹೆಚ್ಚಿಸುತ್ತದೆ. ಒಂದನ್ನೊಂದು ಎತ್ತಿಹಿಡಿಯುವ ಈ ಕೂಟವನ್ನು ನೋಡಿದ ಮೇಲೆ, ವೃಷಣ ತೆಗೆದ ಇಲಿಗಳಿಗೂ ಗ್ರಾಹಕವೇ ಇಲ್ಲದ ಇಲಿಗಳಿಗೂ 2007ರ ಪ್ರಯೋಗದಲ್ಲಿ ಇದ್ದ ಅಂತರ ನನಗೆ ಹೊಸ ಅರ್ಥದಲ್ಲಿ ಕಂಡಿತು.

ಈಸ್ಟ್ರೊಜೆನ್ ಭಾಗ ಇನ್ನೂ ಗೋಜಲು. ಅದಕ್ಕೆ ಆಲ್ಫಾ, ಬೀಟಾ ಎಂಬ ಎರಡು ಗ್ರಾಹಕಗಳಿದ್ದು, ಮೂತ್ರಕೋಶದ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಬೀಟಾ. ಇಲಿಗಳಲ್ಲಿ ಆಲ್ಫಾ ತೆಗೆದರೆ ಕ್ಯಾನ್ಸರ್ ಹೆಚ್ಚಿತು, ಬೀಟಾ ತೆಗೆದರೆ ಕಡಿಮೆಯಾಯಿತು. ಒಂದೇ ಹಾರ್ಮೋನು ಎರಡು ಬಾಗಿಲಿನಿಂದ ಒಳಬಂದು ಎರಡು ವಿರುದ್ಧ ಕೆಲಸ ಮಾಡುತ್ತದೆ. ಮಹಿಳೆಯರಲ್ಲಿ, ಅಮೆರಿಕದ ನರ್ಸುಗಳ ದೀರ್ಘಕಾಲದ ಅಧ್ಯಯನದಲ್ಲಿ, ನಲವತ್ತೈದರೊಳಗೆ ಮುಟ್ಟು ನಿಂತವರಿಗೆ ಮೂತ್ರಕೋಶದ ಕ್ಯಾನ್ಸರಿನ ಅಪಾಯ ತಡವಾಗಿ ನಿಂತವರಿಗಿಂತ ಹೆಚ್ಚಿತ್ತು, ಆದ್ದರಿಂದ ಈಸ್ಟ್ರೊಜೆನ್ ರಕ್ಷಣೆ ಕೊಡುತ್ತಿರಬಹುದೆಂಬ ಊಹೆಗೆ ಬಲ ಬಂತು. ಆದರೆ ರೋಗ ಒಮ್ಮೆ ಬಂದ ಮೇಲೆ ಹೆಂಗಸರಿಗೆ ಗಂಡಸರಿಗಿಂತ ಮುಂದುವರಿದ ಹಂತದಲ್ಲಿ ಪತ್ತೆಯಾಗುವುದೇ ಹೆಚ್ಚು. ಇದರಲ್ಲಿ ಹಾರ್ಮೋನಿನ ಪಾಲು ಎಷ್ಟೇ ಇರಲಿ, ಮೂತ್ರದಲ್ಲಿ ರಕ್ತ ಕಂಡಾಗ ಅದನ್ನು ಸೋಂಕೆಂದೋ ಮುಟ್ಟಿನ ತೊಂದರೆಯೆಂದೋ ತಿಳಿದು ದಿನ ತಳ್ಳುವುದರ ಪಾಲೂ ದೊಡ್ಡದೇ. ಇದನ್ನು ಜೀವಕೋಶದ ತಟ್ಟೆಯಲ್ಲಿ ಅಳೆಯಲಾಗುವುದಿಲ್ಲ.

ತಟ್ಟೆಯಲ್ಲಿ ಅಳೆಯಲಾಗದ್ದು ಇನ್ನೂ ಇದೆ. 2022ರಲ್ಲಿ ಅಮೆರಿಕದ ಒಂದು ತಂಡ ಇಲಿಗಳಲ್ಲಿ ಬೆಳೆಸಿದ ಮೂತ್ರಕೋಶದ ಗಡ್ಡೆಗಳನ್ನು ಬಳಸಿ, ಆಂಡ್ರೊಜೆನ್ ಸಂದೇಶ ಕ್ಯಾನ್ಸರ್ ಜೀವಕೋಶದ ಮೇಲಷ್ಟೇ ಅಲ್ಲ, ಅದನ್ನು ಕೊಲ್ಲಲು ಬರುವ ಸಿಡಿ8 ಟಿ-ಜೀವಕೋಶಗಳ ಮೇಲೂ ಬೀಳುತ್ತದೆ, ಗಂಡುಗಳಲ್ಲಿ ಆ ಟಿ-ಜೀವಕೋಶಗಳು ಬೇಗನೆ ಬಸವಳಿಯುತ್ತವೆ ಎಂದು ತೋರಿಸಿತು. 2023ರಲ್ಲಿ ಇನ್ನೊಂದು ತಂಡ, ಗಂಡಸರ ಮೂತ್ರಕೋಶದ ಗಡ್ಡೆಗಳು ವೈ ವರ್ಣತಂತುವನ್ನು ಕಳೆದುಕೊಂಡಾಗ ರೋಗನಿರೋಧಕ ಜೀವಕೋಶಗಳಿಂದ ತಪ್ಪಿಸಿಕೊಂಡು ಹೆಚ್ಚು ಉಗ್ರವಾಗುತ್ತವೆಂದು ವರದಿ ಮಾಡಿತು. ಇದು ಹಾರ್ಮೋನಿನ ಮಾತೇ ಅಲ್ಲ. ನನ್ನ ತಟ್ಟೆಗಳಲ್ಲಿ ಟಿ-ಜೀವಕೋಶವೂ ಇರಲಿಲ್ಲ, ಮೂತ್ರವೂ ಇರಲಿಲ್ಲ, ಯಕೃತ್ತೂ ಇರಲಿಲ್ಲ. ಈ ಎರಡು ಪ್ರಬಂಧಗಳನ್ನು ಓದಿದ ಮೇಲೆ, ಹಾರ್ಮೋನು ಹಾಕಿದರೆ ಕ್ಯಾನ್ಸರ್ ಜೀವಕೋಶ ಎಷ್ಟು ಬೇಗ ಇಬ್ಭಾಗವಾಗುತ್ತದೆ ಎಂಬ ಪ್ರಶ್ನೆಯೇ ಚಿಕ್ಕದೆಂದು ನನಗೆ ಅನ್ನಿಸತೊಡಗಿತು. ಗಂಡು ಹೆಣ್ಣಿನ ನಡುವಿನ ನಾಲ್ಕು ಪಟ್ಟಿನ ಅಂತರವನ್ನು ಹುಟ್ಟಿಸುವಷ್ಟು ಬಲ ಆ ತಿಳಿನೇರಳೆ, ಗಾಢನೇರಳೆಗಳ ವ್ಯತ್ಯಾಸಕ್ಕೆ ಇಲ್ಲ.

ಮನೆಯಲ್ಲಿ ಇದರ ಪ್ರಸ್ತಾಪ ಬಂದದ್ದು ಅಪ್ಪನ ಮಾತ್ರೆಯ ನೆಪದಲ್ಲಿ. ಅಪ್ಪನಿಗೆ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿದ್ದರಿಂದ ಡುಟಾಸ್ಟರೈಡ್ ಇರುವ ಮಾತ್ರೆಯನ್ನು ರಾತ್ರಿ ಊಟದ ನಂತರ ತೆಗೆದುಕೊಳ್ಳುತ್ತಾರೆ. ಅದು ಟೆಸ್ಟೊಸ್ಟಿರೋನ್ ಡಿಎಚ್‌ಟಿಯಾಗುವುದನ್ನು ತಡೆಯುವ ಔಷಧಿ. ನನ್ನ ಕೆಲಸದ ಬಗ್ಗೆ ಕೇಳುತ್ತ ಕೂತಿದ್ದವರು, "ಹಾಗಾದ್ರೆ ನಾನು ನುಂಗೋ ಮಾತ್ರೆಯಿಂದ ಮೂತ್ರಕೋಶದ ಕ್ಯಾನ್ಸರ್ ಬರಲ್ಲ ಅನ್ನು" ಎಂದರು.

"ಹಾಗೆ ಹೇಳೋಕಾಗಲ್ಲ ಅಪ್ಪ" ಎಂದೆ. "ಇದೇ ಜಾತಿಯ ಇನ್ನೊಂದು ಮಾತ್ರೆ ತಗೊಳ್ತಿದ್ದವರಲ್ಲಿ ಕಡಿಮೆ ಕಂಡಿತು ಅಂತ ಒಂದು ದೊಡ್ಡ ಅಧ್ಯಯನದ ದಾಖಲೆಗಳನ್ನ ಜಾಲಾಡಿದವರು ಹೇಳಿದ್ದಾರೆ. ಆದ್ರೆ ಆ ಮಾತ್ರೇನ ಅವರಿಗೆ ಕೊಟ್ಟಿದ್ದು ಆ ಪರೀಕ್ಷೆಗೋಸ್ಕರ ಅಲ್ಲ."

"ಅಂದ್ರೆ?"

"ಅಂದ್ರೆ ಆ ಮಾತ್ರೆ ತಗೊಳ್ಳೋರು ಡಾಕ್ಟರ ಹತ್ರ ಹೆಚ್ಚು ಹೋಗೋರು, ಸಿಗರೇಟು ಕಡಿಮೆ ಸೇದೋರು ಆಗಿರಬಹುದು. ಅದರಿಂದಲೂ ಕಡಿಮೆ ಕಂಡಿರಬಹುದು."

ಆ ಅಧ್ಯಯನ 2016ರದು, ಅಮೆರಿಕದ ಪಿಎಲ್‌ಸಿಒ ಎಂಬ ಕ್ಯಾನ್ಸರ್ ತಪಾಸಣೆ ಪ್ರಯೋಗದಲ್ಲಿದ್ದ ಗಂಡಸರಲ್ಲಿ ಫಿನಾಸ್ಟರೈಡ್ ತೆಗೆದುಕೊಂಡವರನ್ನು ಕುರಿತದ್ದು. ಅಪ್ಪ ಮೂವತ್ತು ವರ್ಷದ ಹಿಂದೆಯೇ ಸಿಗರೇಟು ಬಿಟ್ಟವರು. ಬಿಟ್ಟ ಮೇಲೆ ಅಪಾಯ ವರ್ಷಗಳು ಕಳೆದಂತೆ ಇಳಿಯುತ್ತದಾದರೂ ಎಂದೂ ಸೇದದವರ ಮಟ್ಟಕ್ಕೆ ಬರಲು ಬಹಳ ಕಾಲ ಬೇಕು, ಆದ್ದರಿಂದ ಮೂತ್ರ ಕೆಂಪಗಾದರೆ ನೋವಿಲ್ಲದಿದ್ದರೂ ಆ ದಿನವೇ ಹೇಳಬೇಕೆಂದು ಅವರಿಗೆ ತಿಳಿಸಿದ್ದೇನೆ. ಮೂತ್ರಕೋಶದ ಕ್ಯಾನ್ಸರಿಗೆಂದು ಹಾರ್ಮೋನು ತಡೆಯುವ ಔಷಧಿಯನ್ನು ಕೊಡುವುದು ಈಗಿನ ಚಿಕಿತ್ಸಾಕ್ರಮದಲ್ಲಿ ಇಲ್ಲ. ಗಡ್ಡೆಯನ್ನು ಮೂತ್ರ ಹೊರಹೋಗುವ ದಾರಿಯ ಮೂಲಕ ಕೆರೆದು ತೆಗೆಯುವುದು, ಮೂತ್ರಕೋಶದೊಳಗೆ ಕ್ಷಯದ ಲಸಿಕೆಯಾದ ಬಿಸಿಜಿ ಹಾಕುವುದು, ಮುಂದುವರಿದರೆ ಕೀಮೊ, ಶಸ್ತ್ರಚಿಕಿತ್ಸೆ, ರೋಗನಿರೋಧಕ ಚಿಕಿತ್ಸೆ, ಇವೇ ಇಂದಿಗೂ ದಾರಿ.

ನಾನು ಈಗ ಹೊರಳಿಕೊಂಡಿರುವ ಪ್ರಶ್ನೆ ಕ್ಯಾನ್ಸರ್ ಬರುವುದಕ್ಕೆ ಮುಂಚಿನದು. ಮೂತ್ರಕೋಶದ ಒಳಪದರದ ಆರೋಗ್ಯಕರ ಜೀವಕೋಶಗಳಲ್ಲಿ ಯುಜಿಟಿ1ಎ ಎಂಬ ಕಿಣ್ವಗಳ ಗುಂಪಿದೆ. ಮೂತ್ರದಲ್ಲಿ ಬಂದ ಆರೊಮ್ಯಾಟಿಕ್ ಅಮೈನುಗಳಂಥ ವಿಷಗಳಿಗೆ ಗ್ಲುಕುರೊನಿಕ್ ಆಮ್ಲವನ್ನು ಜೋಡಿಸಿ ಅವನ್ನು ನಿರಪಾಯಗೊಳಿಸುವುದು ಅದರ ಕೆಲಸ. ಗ್ರಾಹಕವಿರುವ ಜೀವಕೋಶಗಳಿಗೆ ಡಿಎಚ್‌ಟಿ ಹಾಕಿದಾಗ ಈ ಕಿಣ್ವ ಇಳಿಯುತ್ತದೆಂದು ಹಿಂದಿನ ಸಂಶೋಧಕರು ವರದಿ ಮಾಡಿದ್ದಾರೆ. ಅದು ನಿಜವಾದರೆ, ಹಾರ್ಮೋನು ಬೆಳೆದ ಕ್ಯಾನ್ಸರಿಗೆ ಗೊಬ್ಬರವಾಗುವುದಕ್ಕಿಂತ ಹೆಚ್ಚಾಗಿ, ಅದೇ ಸಿಗರೇಟಿನ ವಿಷಕ್ಕೆ ಗಂಡಸಿನ ಮೂತ್ರಕೋಶದ ಬಾಗಿಲನ್ನು ವರ್ಷಗಟ್ಟಲೆ ತೆರೆದಿಡುತ್ತದೆ. ತಂಬಾಕು ಬೇರೆ, ಹಾರ್ಮೋನು ಬೇರೆ ಎಂದು ಎರಡು ಲೆಕ್ಕ ಹಾಕುವ ನಮ್ಮ ಆರಂಭದ ಕ್ರಮವೇ ಬದಲಾಗಬೇಕಾಗುತ್ತದೆ. ಇದಕ್ಕೆಂದು ಎಸ್‌ವಿ-ಎಚ್‌ಯುಸಿ-1 ಎಂಬ, ಕ್ಯಾನ್ಸರ್ ಅಲ್ಲದ, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳದ ಜೀವಕೋಶಗಳನ್ನು ತರಿಸಿ, ಅವುಗಳಲ್ಲಿ ಅರ್ಧಕ್ಕೆ ಆಂಡ್ರೊಜೆನ್ ಗ್ರಾಹಕದ ಜೀನನ್ನು ಸೇರಿಸಿದ್ದೇವೆ. ಗ್ರಾಹಕವಿರುವ ಗುಂಪಿನಲ್ಲಿ ಡಿಎಚ್‌ಟಿಯ ನಂತರ ಯುಜಿಟಿ1ಎ ಇಳಿದದ್ದನ್ನು ನಾನೂ ಕಂಡಿದ್ದೇನೆ, ಇಳಿಕೆ ಬೆಳವಣಿಗೆಯ ಪರೀಕ್ಷೆಯಲ್ಲಿ ಕಂಡ ಏರಿಕೆಗಿಂತ ದೊಡ್ಡದೂ ಆಗಿದೆ. ಈಗ ಎರಡೂ ಗುಂಪುಗಳಿಗೆ ಕ್ಯಾನ್ಸರ್‌ಕಾರಕವೊಂದನ್ನು ಸಣ್ಣ ಪ್ರಮಾಣದಲ್ಲಿ, ಹಾರ್ಮೋನಿನೊಡನೆಯೂ ಹಾರ್ಮೋನಿಲ್ಲದೆಯೂ ಕೊಡುತ್ತಿದ್ದು, ಡಿಎನ್‌ಎಗೆ ಆಗುವ ಹಾನಿ ಯಾವುದರಲ್ಲಿ ಹೆಚ್ಚೆಂದು ಎಣಿಸುವ ಕೆಲಸ ನಡೆದಿದೆ. ಸೀರಮ್ಮನ್ನು ಮಾತ್ರ ಇನ್ನೂ ನಾವೇ ಇದ್ದಿಲಿನಲ್ಲಿ ಸೋಸಿಕೊಳ್ಳುತ್ತಿದ್ದೇವೆ.